ಕರೆಂಟ್ ಇತ್ತ್

ನಮ್ಮ ಭಾವ ಜೀವಮಾನದಲ್ಲಿ ಒಂದೇ ಒಂದು ವಿಡಿಯೊ ಗೇಮ್ ಆಡಿದವರಲ್ಲ. ಆದರೆ ವಿಡಿಯೊ ಗೇಮ್ ಮಾಡುವವರಿಗೆ ಅಮೆರಿಕದಲ್ಲಿ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡುತ್ತಾರಲ್ಲ, ಆ ಸಮಾರಂಭವನ್ನು ನಮ್ಮೂರು ತೆಕ್ಕಟ್ಟೆಯಲ್ಲಿ ಕೂತು ನಡೆಸಿಕೊಡುವವರು ಇವರೇ ಎಂದರೆ ನೀವು ನಂಬಬೇಕು!

ಅಲ್ಲಿ ಸಂಜೆಯಾದರೆ ಇಲ್ಲಿ ಬೆಳಿಗ್ಗೆ. ಡಿಸೆಂಬರಿನ ಆ ದಿನ ಭಾವ ಮಿಂದು, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ ಟಿವಿ ಎದುರು ಕೂರುತ್ತಾರೆ. ಮೊದಲ ಸಲ ಯೂಟ್ಯೂಬಿನಲ್ಲಿ ಯಕ್ಷಗಾನ ಹುಡುಕುವಾಗ ಎಲ್ಲೋ ಬೆರಳು ತಾಗಿ ಬಂದದ್ದಂತೆ. ಯಾವ ಆಟ ಗೆದ್ದಿತು, ಯಾವುದು ಸೋತಿತು, ಅದೆಲ್ಲ ಅವರಿಗೆ ಬೇಡ. ಇಂಗ್ಲಿಷೂ ಬಾರದು. ಅವರು ಕಾಯುವುದು ಒಂದೇ ಗಳಿಗೆಗೆ. ಪ್ರಶಸ್ತಿ ಪಡೆದವರು ನಾಲ್ಕು ಮಾತಾಡುವಷ್ಟರಲ್ಲಿ 'ಸಾಕು, ಇಳಿಯಿರಿ' ಎಂಬಂತೆ ಅಲ್ಲಿ ಸಂಗೀತ ಬಾರಿಸುತ್ತಾರೆ. ನಮ್ಮೂರಿನ ಅಧ್ಯಕ್ಷರುಗಳಿಗೆ ಹೀಗೊಂದು ಬಾರಿಸುವಂತಿದ್ದರೆ ಕೋಟದಿಂದ ಬೈಂದೂರಿನವರೆಗೆ ಜನ ಪಾಯಸ ಮಾಡಿಯಾರು. ಭಾವನಿಗೆ ಮಾತ್ರ ಮೈಯೆಲ್ಲ ಉರಿ.

"ಕಾಣ್ ಮಾರಾಯಾ, ಕರ್ದ್ ಪ್ರಶಸ್ತಿ ಕೊಟ್ಟ್ ಬಾಯಿ ಮುಚ್ಸುದಾ? ಆ ಹೆಣ್ಣ್ ಇನ್ನೂ ಅಮ್ಮನ ಹೆಸ್ರ್ ಹೇಳ್ಲಿಲ್ಲ."

"ನಿಮ್ಗೆ ಇಂಗ್ಲಿಷ್ ಬತ್ತಿಲ್ಲ. ಅಮ್ಮನ ಹೆಸ್ರ್ ಹೇಳುಕ್ ಹೊರ್ಟದ್ದ್ ಅಂದೇಳಿ ಹ್ಯಾಂಗ್ ಗೊತ್ತಾಯ್ತ್?"

"ಕಣ್ಣ್ ಕಂಡ್ರೆ ಗೊತ್ತಾತ್ತಿಲ್ಯಾ?"

ಎಂದವರೇ ಟಿವಿಯ ಧ್ವನಿ ಬಂದ್ ಮಾಡಿ, ರಿಮೋಟನ್ನು ಮೈಕಿನಂತೆ ಬಾಯಿಯ ಹತ್ತಿರ ಹಿಡಿದು, ಆ ಹುಡುಗಿಯ ಬಾಕಿ ಭಾಷಣವನ್ನು ಕುಂದಾಪ್ರ ಕನ್ನಡದಲ್ಲಿ ಮುಗಿಸುತ್ತಾರೆ. "ನನ್ನ್ ಅಮ್ಮಂಗೆ, ಅಪ್ಪಯ್ಯಂಗೆ, ಊಟ ಬಡ್ಸ್ದರಿಗೆ, ಶಾಮಿಯಾನದರಿಗೆ..." ಅಮೆರಿಕದ ಹುಡುಗಿಗೆ ಶಾಮಿಯಾನ ಹಾಕಿಕೊಟ್ಟವರು ಯಾರು? ಕೇಳಬಾರದು.

ಶಾಮಿಯಾನ ನೆನಪಾಗುವುದಕ್ಕೆ ಕಾರಣವಿದೆ. ಭಾವ ಮೈಕ್ ಸೆಟ್ಟಿನವರು. ಕೆರಾಡಿಯಿಂದ ಕಿರಿಮಂಜೇಶ್ವರದವರೆಗೆ ಮದುವೆಗೂ ವಾರ್ಷಿಕೋತ್ಸವಕ್ಕೂ ಇವರದೇ ಮೈಕು. ಊರವರ ಮಾತನ್ನೆಲ್ಲ ಲೌಡ್‌ಸ್ಪೀಕರಿಗೆ ಏರಿಸಿದವರು, ತಾವು ಅದರಲ್ಲಿ ಆಡುತ್ತಿದ್ದುದು 'ಹಲೋ, ಹಲೋ, ಮೈಕ್ ಟೆಸ್ಟಿಂಗ್' ಮಾತ್ರ. ಒಮ್ಮೆ ಮೈಸೂರು ಕಡೆಯ ಅತಿಥಿಯೊಬ್ಬರು "ಇನ್ನೊಂದು ಮೈಕ್ ಇದೆಯಾ?" ಎಂದು ಕೇಳಿದರು. ಭಾವ "ಇತ್ತ್" ಎಂದರು. ನಮ್ಮಲ್ಲಿ 'ಇತ್ತ್' ಎಂದರೆ 'ಇದೆ' ಎಂದೂ ಅರ್ಥ. ಅತಿಥಿ ಪಾಪ, "ಇತ್ತಾ? ಯಾವಾಗ ಕಳುವಾಯಿತು?" ಎಂದು ಮರುಗಿದರು.

ಇಷ್ಟು ನಗಿಸಿದ ಮೇಲೆ ನಿಜ ಹೇಳಬೇಕು. ಹೇಳದೆ ನನಗೆ ಊಟ ಸೇರುತ್ತಿಲ್ಲ.

ಈ ಯೂಟ್ಯೂಬಿಗೂ ಎಷ್ಟೋ ವರ್ಷ ಮೊದಲು, ನಮ್ಮೂರ ಸಂಘದ ಸಭಾಭವನದಲ್ಲಿ ಒಮ್ಮೆ ಭಾವನಿಗೇ ಸನ್ಮಾನ ಮಾಡಿದರು. ನಿರೂಪಣೆ ನನ್ನದು. ಹೈಸ್ಕೂಲು ಓದಿದವನು, ಸ್ವರ ಚೆನ್ನಾಗಿದೆ ಎಂಬ ಗರ್ವ ಬೇರೆ. ಎದುರಿನ ಸಾಲಿನಲ್ಲಿ ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಹೊಸ ಸೀರೆಯ ಮಡಿಕೆ ಕೆಡದ ಹಾಗೆ ನೆಟ್ಟಗೆ ಕೂತಿದ್ದಳು. ಭಾವ ಶಾಲು ಹೊದ್ದು, ತಮ್ಮದೇ ಮೈಕಿನ ಮುಂದೆ ನಿಂತು, ಅಡುಗೆಯವರಿಂದ ಶಾಮಿಯಾನದವರವರೆಗೆ ಎಲ್ಲರನ್ನೂ ನೆನೆದರು. ಮುಖ್ಯ ಅತಿಥಿ ಗಡಿಯಾರ ನೋಡಿದರು. ನಾನು 'ಬೇಗ ಮುಗಿಸಿ' ಎಂದು ಚೀಟಿ ಕೊಟ್ಟೆ. ಭಾವ ಅದನ್ನು ಓದದೆ ಜೇಬಿಗೆ ಹಾಕಿ "ಧನ್ಯವಾದ" ಎಂದರು. ಸಭೆ ನಕ್ಕಿತು. ನನಗೆ ಅವಮಾನವಾಯಿತು.

"ಇಷ್ಟೆಲ್ಲ ಆದ್ದ್ ನನ್ನ್ ಹೆಂಡ್ತಿ..." ಎಂದು ಭಾವ ಶುರುಮಾಡಿದ್ದರು. ನಾನು ಹಿಂದೆ ಹೋಗಿ ಮೈಕಿನ ಸ್ವಿಚ್ ಆರಿಸಿದೆ.

ಅವರ ತುಟಿ ಇನ್ನೂ ಸ್ವಲ್ಪ ಹೊತ್ತು ಆಡಿತು. ಅಕ್ಕ ಮುಂದಕ್ಕೆ ಬಾಗಿ ಕಿವಿಯ ಹಿಂದೆ ಕೈ ಇಟ್ಟಳು. ಏನೂ ಕೇಳಿಸಲಿಲ್ಲ.

"ಎಂತಾಯ್ತ್ ಮಾರಾಯಾ?" ಭಾವ ನನ್ನತ್ತ ತಿರುಗಿದರು.

"ಕರೆಂಟ್ ಹೋಯ್ತ್ ಭಾವ."

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮೈಕ್ ಸೆಟ್ಟಿನವರಿಗೆ ಅಷ್ಟು ತಿಳಿಯದೆ? ಒಮ್ಮೆ ಮೇಲೆ ನೋಡಿ "ಹೌದಾ" ಎಂದು ವೇದಿಕೆ ಇಳಿದರು. ಹೆಂಡತಿಗೆ ಹೇಳಬೇಕಾದ ಮಾತನ್ನು ಮನೆಗೆ ಹೋಗಿ ಹೇಳಬಹುದಿತ್ತಲ್ಲ ಎನ್ನುತ್ತೀರಾ? ಆ ಕಾಲದ ಗಂಡಸರನ್ನು ನೀವು ನೋಡಿಲ್ಲ. ಮನೆಯಲ್ಲಿ ಅವಳಿಗೆ 'ಹ್ವಾಯ್' ಎಂಬುದೇ ಹೆಸರು. ಮುಂದಿನ ಮಳೆಗಾಲಕ್ಕೆ ಅಕ್ಕ ತೀರಿಕೊಂಡಳು. ಗಂಡ ತನ್ನ ಬಗ್ಗೆ ಏನು ಹೇಳಲು ಹೊರಟಿದ್ದ ಎಂದು ತಿಳಿಯದೆಯೇ ಹೋದಳು. ಕ್ಷಮೆ ಕೇಳೋಣವೆಂದರೆ ಕೇಳಬೇಕಾದವಳೇ ಇಲ್ಲ.

ಈ ವರ್ಷ ಭಾವನ ಬಲಗಡೆಗೆ ಪಾರ್ಶ್ವವಾಯು ಬಡಿದು, ಮಾತು ಬಿದ್ದುಹೋಯಿತು. ಡಿಸೆಂಬರಿನ ಆ ಬೆಳಿಗ್ಗೆ ನಾನೇ ಅವರನ್ನು ಮೀಯಿಸಿ, ಶಾಲು ಹೊದಿಸಿ ಟಿವಿ ಎದುರು ಕೂರಿಸಿದೆ. ಯಾರೋ ಒಬ್ಬಳು ಪ್ರಶಸ್ತಿಯನ್ನು ಎದೆಗವಚಿ ಅಳುತ್ತಾ ಏನೋ ಹೇಳತೊಡಗಿದಳು. ಸಂಗೀತ ಬಂತು. ನಾನು ಧ್ವನಿ ಬಂದ್ ಮಾಡಿ ರಿಮೋಟನ್ನು ಅವರ ಎಡಗೈಗೆ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟು ತಲೆ ಅಲ್ಲಾಡಿಸಿದರು. ಆಗ ನನಗೆ ತಡೆಯಲಾಗಲಿಲ್ಲ.

"ಭಾವ, ಅವತ್ತ್ ಕರೆಂಟ್ ಹೋಯ್ಲಿಲ್ಲ. ನಾನೇ ಆಫ್ ಮಾಡ್ದದ್ದ್."

ಭಾವ ನನ್ನತ್ತ ತಿರುಗಿದರು. ಮತ್ತೆ ಎಡಗೈ ಎತ್ತಿ, ಮೇಲೆ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದರು. ಸೊಟ್ಟಗಾದ ಬಾಯಿಂದ ಎಷ್ಟೋ ತಿಂಗಳ ಮೇಲೆ ಒಂದು ಮಾತು ಹೊರಟಿತು.

"ಕರೆಂಟ್... ಇತ್ತ್."

ಅಂದು ಇತ್ತು, ನನಗೆ ಗೊತ್ತು ಎಂದರೋ? ಈಗ ಇದೆ, ಮಾತಾಡಬಹುದು ಎಂದರೋ? ಹುಟ್ಟಿದಂದಿನಿಂದ ಆಡಿದ ಮಾತಿಗೆ ಅರ್ಥ ತಿಳಿಯದೆ, ಆ ಮೈಸೂರಿನ ಅತಿಥಿಯಂತೆ ನಾನು ಕಣ್ಣು ಕಣ್ಣು ಬಿಟ್ಟೆ.

ರಿಮೋಟ್ ತೆಗೆದು ಅವರ ಬಾಯಿಯ ಹತ್ತಿರ ಹಿಡಿದೆ. "ನನ್ನ್ ಹೆಂಡ್ತಿ..." ಎಂದು ನೆನಪಿಸಿದೆ. ಅವರ ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು.

"ನಿಧಾನಕ್ಕೆ ಹೇಳಿ ಭಾವ," ಎಂದೆ. "ನಂಗ್ ಎಲ್ಲಿಗೂ ಹೋಪುಕಿಲ್ಲ."