ಟೈಲರಕ್ಕನ ಗಂಟಲು ಕಟ್ಟಿದ ದಿನ

ಟೈಲರಕ್ಕನ ಗಂಟಲು ಕಟ್ಟಲು ಕಾರಣ ಪುರಸಭೆಯ ಮೈಕು. ತನ್ನ ಬೀದಿಗೆ ಒಂದು ನಲ್ಲಿ ಬೇಕೆಂದು ಹಿಂದಿನ ದಿನದ ಸಭೆಯಲ್ಲಿ ಅವಳು ಒಂದೂವರೆ ಗಂಟೆ ಗಂಟಲು ಹರಿದುಕೊಂಡಿದ್ದಳು. ಮೈಕಿನ ಗುಂಡಿಯನ್ನೇ ಯಾರೂ ಒತ್ತಿರಲಿಲ್ಲ ಎಂಬುದು ಸಭೆ ಮುಗಿದ ಮೇಲೆ ಗೊತ್ತಾಯಿತು.

ಬೆಳಿಗ್ಗೆ ಎದ್ದು ಅತ್ತೆಯನ್ನು ಕರೆಯಲು ಬಾಯಿ ತೆರೆದರೆ, ಬತ್ತಿದ ಬೋರಿಂಗಿನ ಹಿಡಿ ಒತ್ತಿದಂತೆ 'ಕೀ' ಎಂದಿತು. ಡಾಕ್ಟರು ಟಾರ್ಚು ಹಾಕಿ ನೋಡಿ, "ಮೂರು ದಿನ ಮಾತು ಬಂದ್. ಪಿಸುಮಾತೂ ಕೂಡದು" ಎಂದರು.

ಮೂರು ವರ್ಷದ ಹಿಂದೆ ಬೀದಿಯವರು ಅವಳನ್ನು ಪುರಸಭೆ ಚುನಾವಣೆಗೆ ನಿಲ್ಲಿಸಿ ಗೆಲ್ಲಿಸಿದ್ದೇ ಆ ದನಿಗಾಗಿ. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಅವಳು ಮಗಳನ್ನು ಕರೆದರೆ ಬೀದಿಯ ಕೊನೆಮನೆಯ ಮಗು ಓಗೊಡುತ್ತಿತ್ತು. ಅಂಥವಳಿಗೆ ಮಾತು ಹೋದದ್ದು ಎಂಥ ದಿನ! ಮಧ್ಯಾಹ್ನ ಅಧ್ಯಕ್ಷರ ಮೇಲೆ ಅವಿಶ್ವಾಸ ನಿರ್ಣಯ. ಆ ಕಡೆ ಎಂಟು, ಈ ಕಡೆ ಎಂಟು, ನಡುವೆ ಟೈಲರಕ್ಕ.

ಒಂಬತ್ತಕ್ಕೇ ಅಧ್ಯಕ್ಷರು ಬಂದರು. ಔಷಧಿ ಅಂಗಡಿಯ ಮನುಷ್ಯ. ನಗುವನ್ನೂ ಅಳೆದೇ ಕೊಡುವವರು.

"ತಾಯೀ, ನಿಮ್ಮ ಓಟು ನನಗೇ ತಾನೆ?"

ಟೈಲರಕ್ಕ ಗಂಟಲು ಮುಟ್ಟಿ ತೋರಿಸಿದಳು. ಅಷ್ಟರಲ್ಲಿ ಅತ್ತೆ ಅಡ್ಡ ಬಂದಳು. "ನಮ್ಮ ಸೊಸೆ ಯೋಚನೆ ಮಾಡ್ತಿದಾಳೆ."

ಟೈಲರಕ್ಕ ದುರುಗುಟ್ಟಿ ನೋಡಿದಳು. ಅತ್ತೆ ಅವಳ ಕಿವಿಯಲ್ಲಿ, "ಸುಮ್ನಿರೇ. ಗಂಟಲು ಕೆಟ್ಟಿದೆ ಅಂದ್ರೆ ಕಷಾಯ ಕುಡಿ ಅಂತಾರೆ. ಯೋಚನೆ ಮಾಡ್ತಿದಾಳೆ ಅಂದ್ರೆ ಹೆದರ್ತಾರೆ" ಎಂದಳು.

ಅಧ್ಯಕ್ಷರು ಹೆದರಿಯೇಬಿಟ್ಟರು. "ಆ ನಲ್ಲಿ ವಿಷ್ಯ ತಾನೆ? ಒಂದು ಹಾಕಿಸ್ತೀನಿ."

ಮಾತಾಡಲು ಮೂರು ದಿನ ಆಗದು ಎಂದು ತಿಳಿಸಲು ಅವಳು ಮೂರು ಬೆರಳೆತ್ತಿದಳು.

"ಮೂರಾ! ಆಯ್ತು ತಾಯೀ, ಮೂರು!" ಎಂದು ಅಧ್ಯಕ್ಷರು ಬೆವರೊರೆಸಿಕೊಂಡು ಹೊರಟರು.

ಅವರ ಸ್ಕೂಟರಿನ ಹೊಗೆ ಕರಗುವ ಮೊದಲೇ ವಿರೋಧಿ ಬಣದ ಕಂಟ್ರಾಕ್ಟರು ಹಾಜರಾದ. ಅಧ್ಯಕ್ಷರ ಕುರ್ಚಿಯ ಮೇಲೆ ಅವನಿಗೆ ಎರಡು ವರ್ಷದಿಂದ ಕಣ್ಣು. ಟೈಲರಕ್ಕ ಗುಂಡಿ ಹೊಲಿಯುತ್ತ ತಲೆಯೆತ್ತಲಿಲ್ಲ. "ಅಕ್ಕಾ, ಏನಾದ್ರೂ ಹೇಳಿ. ಬೈದ್ರೂ ಪರವಾಗಿಲ್ಲ!" ಎಂದು ಅಂಗಲಾಚಿದ. ಅವಳು ಹಲ್ಲಿನಿಂದ ದಾರ ಕಡಿದಳು. ಅವನಿಗೆ ಅದು ತನ್ನ ಕುತ್ತಿಗೆಯೇ ಎನ್ನಿಸಿರಬೇಕು. "ಮನೆಮನೆಗೂ ನಲ್ಲಿ! ನನ್ನ ಮಾತು!" ಎಂದು ಕೈಮುಗಿದು ಓಡಿದ.

ಟೈಲರಕ್ಕನಿಗೆ ನಗು ಬಂತು. ಹಿಂದೆಯೇ ಸಂಕಟವೂ ಬಂತು. ಮೂರು ವರ್ಷ ಅರಚಿದರೂ ಒಂದು ತೊಟ್ಟು ಬಂದಿರಲಿಲ್ಲ. ಬಾಯಿ ಮುಚ್ಚಿದ ಅರ್ಧ ದಿನಕ್ಕೆ ಬೀದಿಯೇ ಹೊಳೆಯಾಗುವಂತಿತ್ತು. ಯಾರನ್ನು ನಂಬುವುದು? ಕಂಟ್ರಾಕ್ಟರು ಕಟ್ಟಿದ ಚರಂಡಿ ನೆನಪಾಗಿ, ಇದ್ದುದರಲ್ಲಿ ಅಧ್ಯಕ್ಷರೇ ವಾಸಿ, ನಿರ್ಣಯಕ್ಕೆ ಕೈ ಎತ್ತಬಾರದು ಎಂದು ನಿಶ್ಚಯಿಸಿದಳು.

ಮೂರು ಗಂಟೆಗೆ ಸಭೆ. ಗುಮಾಸ್ತ ಕನ್ನಡಕ ಏರಿಸಿ, "ನಿರ್ಣಯದ ಪರ ಇರೋರು ಕೈ ಎತ್ತಿ" ಎಂದ. ಎಂಟು ಕೈ ಎದ್ದವು. ಆಗಲೇ ಟೈಲರಕ್ಕನಿಗೆ ಕೆಮ್ಮು ಒತ್ತರಿಸಿ ಬಂತು. ಎಂಥ ಕೆಮ್ಮು! ಕಣ್ಣಲ್ಲಿ ನೀರು ಬಂತು. ಕುಡಿಯಲು ನೀರು ಕೊಡಿ ಎಂದು ಮೂಲೆಯಲ್ಲಿದ್ದ ಜವಾನನಿಗೆ ಕೈ ಎತ್ತಿ ಬೀಸಿದಳು.

"ಒಂಬತ್ತು" ಎಂದು ಗುಮಾಸ್ತ ಬರೆದುಕೊಂಡ. "ಅಧ್ಯಕ್ಷರು ಇಳಿದರು."

ಟೈಲರಕ್ಕನ ಕೆಮ್ಮು ಅಲ್ಲೇ ನಿಂತಿತು. ಅಧ್ಯಕ್ಷರು ತನ್ನನ್ನು ಹುರಿದು ಮುಕ್ಕುತ್ತಾರೆ ಎಂದುಕೊಂಡಳು. ಅವರೋ ಗಂಟೆ ಹೊಡೆದಾಗ ಶಾಲೆಯಿಂದ ಹೊರಬೀಳುವ ಮಕ್ಕಳಂತೆ ಕುರ್ಚಿಯಿಂದ ಜಿಗಿದು, "ಹೊಸ ಅಧ್ಯಕ್ಷೆಯಾಗಿ ನಮ್ಮ ಟೈಲರಕ್ಕನ ಹೆಸರು ಸೂಚಿಸ್ತೀನಿ!" ಎಂದರು.

"ಅನುಮೋದಿಸ್ತೀನಿ!" ಎಂದು ಕಂಟ್ರಾಕ್ಟರು ಎದ್ದ ರಭಸಕ್ಕೆ ಅವನ ಕುರ್ಚಿ ಮಗುಚಿತು.

ಬೇಡ, ಬೇಡ ಎಂದು ಟೈಲರಕ್ಕ ಎರಡೂ ಕೈ ಆಡಿಸಿದಳು.

"ಎಂಥ ವಿನಯ!" ಎಂದರು ಹಿಂದಿನ ಸಾಲಿನವರು.

ಗುಮಾಸ್ತ ತಲೆ ಕೆರೆದುಕೊಂಡ. "ಆಕ್ಷೇಪಣೆ ಇದ್ರೆ ಬಾಯಿಬಿಟ್ಟು ಹೇಳಿ ಮೇಡಂ. ಕೈಸನ್ನೆನ ನಡವಳಿ ಪುಸ್ತಕದಲ್ಲಿ ಬರೆಯೋಕಾಗಲ್ಲ."

ಅವಳು ಬಾಯಿಬಿಟ್ಟಳು. 'ಕೀ' ಎಂದಿತು. ಸಭೆ ಚಪ್ಪಾಳೆ ತಟ್ಟಿತು.

ಹೀಗೆ ಆ ಪುರಸಭೆಗೆ ಮೊದಲ ಬಾರಿಗೆ ಹೆಂಗಸೊಬ್ಬಳು ಅಧ್ಯಕ್ಷೆಯಾದಳು. ಎತ್ತರದ ಕುರ್ಚಿಯಲ್ಲಿ ಕೂತಾಗ ಪಾದ ನೆಲಕ್ಕೆ ಎಟುಕಲಿಲ್ಲ. ಆದರೂ ಎದೆಯೊಳಗೆ ಏನೋ ಬೆಚ್ಚಗಾಯಿತು. ಇನ್ನು ಯಾರನ್ನೂ ಕೇಳಬೇಕಾಗಿಲ್ಲ. ಬೀದಿಯ ನಲ್ಲಿಗೆ ತಾನೇ ಸಹಿ ಹಾಕಬಹುದು! ಎದುರಿಗೆ ನೋಡಿದರೆ ಸಭಾಂಗಣ ಖಾಲಿ. ಎರಡು ಬಣದವರೂ ಒಂದೇ ಬಾಗಿಲಲ್ಲಿ ನೂಕಾಡಿಕೊಂಡು ಜಾಗ ಖಾಲಿ ಮಾಡಿದ್ದರು.

ಗುಮಾಸ್ತನೊಬ್ಬ ಉಳಿದಿದ್ದ. ಮೊದಲೇ ಟೈಪು ಮಾಡಿದ್ದ ಒಂದು ಹಾಳೆಯನ್ನು ಮುಂದಿಟ್ಟ. "ಊರಿನ ದೊಡ್ಡ ಟ್ಯಾಂಕು ಬಿರುಕು ಬಿಟ್ಟಿದೆ ಮೇಡಂ. ನಾಳೆಯಿಂದ ಎರಡು ತಿಂಗಳು ಯಾವ ನಲ್ಲೀಲೂ ನೀರಿಲ್ಲ. ಎರಡು ಗಂಟೆಗೆ ಎಂಜಿನಿಯರ್ ಬಂದು ಹಳೇ ಅಧ್ಯಕ್ಷರಿಗೂ ಕಂಟ್ರಾಕ್ಟರಿಗೂ ಹೇಳಿದ್ರು. ಇದನ್ನ ಅಧ್ಯಕ್ಷರೇ ಊರೆಲ್ಲ ಸುತ್ತಿ ಜನಕ್ಕೆ ತಿಳಿಸ್ಬೇಕು. ಗಾಡಿ ಸಿದ್ಧವಾಗಿದೆ."

ಟೈಲರಕ್ಕ ಸಹಿ ಹಾಕಿ, ಯಾವ ಬೀದಿಯಿಂದ ಶುರು ಎಂದು ಹುಬ್ಬಿನಲ್ಲೇ ಕೇಳಿದಳು.

"ನಿಮ್ಮ ಬೀದಿಯಿಂದಲೇ ಮೇಡಂ" ಎಂದ ಗುಮಾಸ್ತ. "ಎಲ್ರೂ ಹೂವು ಹಿಡ್ಕೊಂಡು ಆಗಲೇ ಸೇರಿದಾರಂತೆ."