ಮಾವನ ಬಂದರಿನಲ್ಲಿ ನನ್ನ ಹಡಗು

"ನಿನ್ನ ಕೈಲೆ ಡಿಗ್ರಿ? ಆಗಂಗಿಲ್ಲ ಬಿಡವ್ವ!" ಎಂದವನು ನನ್ನ ಸೋದರಮಾವ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ಹಾಗಾಗಿ ಅವನ ಮಾತನ್ನು ಸುಳ್ಳೆನ್ನಲು ನನ್ನ ಬಳಿ ಸಾಕ್ಷಿಯೂ ಇರಲಿಲ್ಲ!

ಯೂಲೆಸ್ ಎಂಬ ಊರಲ್ಲಿ ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಇಪ್ಪತ್ತು ವರ್ಷ ಸರಕಿನ ಕಾಗದ ನೋಡಿದ ಮಾವ, ಮನೆಯನ್ನೂ ಕಸ್ಟಮ್ಸ್ ಕಟ್ಟೆ ಮಾಡಿದ್ದ. ಬಂದವರು ಬಾಗಿಲಲ್ಲೇ ನಿಲ್ಲಬೇಕು. "ಚೀಲದಾಗ ಏನೈತ್ರಿ?" ಶೇಂಗಾ ಉಂಡಿಯಾದರೆ ನಾಲ್ಕು ಸ್ಯಾಂಪಲ್ ಜಪ್ತಿ! ಹತ್ತಿರದ ಊರು ಫ್ಲವರ್ ಮೌಂಡ್‌ನಿಂದ ನಮ್ಮ ಪರಿಚಯದ ಡಾಕ್ಟರ್ ಆಂಟಿ ಅವನ ಸ್ಕ್ಯಾನ್ ವರದಿ ತಂದಾಗಲೂ ಬಾಗಿಲಲ್ಲೇ ನಿಲ್ಲಿಸಿ, ಹಾಳೆ ತಿರುವಿ ಹಾಕಿ, "ಒಂದು ಸಹಿ ಕಡಿಮಿ ಐತ್ರಿ. ನಡಿಯಂಗಿಲ್ಲ" ಎಂದ.

ಸಹಿ ಎಲ್ಲ ಇದ್ದವು. ಕ್ಯಾನ್ಸರ್ ಹೊಟ್ಟೆಯಿಂದ ಲಿವರ್‌ಗೂ ದಾಟಿತ್ತು. ಬದುಕಿದರೆ ಮೇ ತಿಂಗಳವರೆಗೆ ಎಂದರು ಡಾಕ್ಟರು. ನನ್ನ ಪದವಿಯೂ ಮೇ ತಿಂಗಳಿಗೇ.

ನಾನು ಆಸ್ಟಿನ್‌ನಲ್ಲಿ ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದೆ. ಹಾಂಕಾಂಗ್ ಆಳುತ್ತಿದ್ದ ಬ್ರಿಟಿಷರು ಕಸ್ಟಮ್ಸ್ ಮತ್ತು ಹಡಗುಗಳ ಒಪ್ಪಂದಕ್ಕಾಗಿ ಚೀನಾ ಸರ್ಕಾರದೊಂದಿಗೆ ನಡೆಸಿದ ಮಾತುಕತೆ ನನ್ನ ಪ್ರಬಂಧದ ವಿಷಯ. ಕಳ್ಳಸಾಗಣೆ ತಡೆಯಲು ಹಾಂಕಾಂಗ್ ಬಂದರಿನಲ್ಲೇ ತನ್ನವರಿಂದ ಹಡಗು ತಪಾಸಣೆ ಆಗಲೇಬೇಕೆಂದಿತು ಚೀನಾ; ಬ್ರಿಟಿಷರು ಒಪ್ಪಲಿಲ್ಲ. ಬ್ರಿಟಿಷರ ಕಾಗದಗಳನ್ನಷ್ಟೇ ಓದಿದ್ದ ನಾನು, 'ಚೀನೀಯರು ಹಟಮಾರಿಗಳು' ಎಂದು ಬರೆದಿದ್ದೆ.

ಚಿಕಿತ್ಸೆಗೆಂದು ಸೇರಿದ್ದ ಹ್ಯೂಸ್ಟನ್ ಆಸ್ಪತ್ರೆಯ ಕೀಮೋ ಕುರ್ಚಿಯಲ್ಲಿ ಕೂತು ಅದನ್ನು ಕೇಳಿದ ಮಾವ, "ನಾ ಚೀನಾ. ನೀ ಬ್ರಿಟಿಷ್. ಮಾತಾಡು" ಎಂದ.

"ನಮ್ಮ ಹಡಗ ಬಿಡು ಮಾವಾ."

"ಮಾವ ಯಾರು? ಸರ್ಕಾರ ಅನ್ನು! ಪೆಟಗಿ ತಗಿ."

"ನಮ್ಮ ಬಂದರದಾಗ ನೀವು ತಗಸಂಗಿಲ್ಲ."

"ಆ ಬಂದರ ಮೊದಲ ಯಾರದಿತ್ತು?"

ಪ್ರತಿ ಶನಿವಾರ ಇದೇ ಜಗಳ. ಪುಣ್ಯಾತ್ಮ, ವಾಂತಿಯ ನಡುವೆಯೂ ಒಂದು ಷರತ್ತು ಸಡಿಲಿಸಲಿಲ್ಲ! 'ಹಟಮಾರಿ'ಯನ್ನು ಹೊಡೆದುಹಾಕಿ ಮೊದಲಿನಿಂದ ಬರೆದೆ. ಅವನು ತೂಕ ಕಳೆದುಕೊಳ್ಳುತ್ತಾ ಹೋದ, ನನ್ನ ಪ್ರಬಂಧ ದಪ್ಪವಾಗುತ್ತಾ ಹೋಯಿತು. ಇಂಥ ವ್ಯಾಪಾರ ಯಾರಿಗೆ ಬೇಕಿತ್ತು?

ಪದವಿಯ ದಿನ ಕಪ್ಪು ಗೌನಿನಲ್ಲೇ ಹ್ಯೂಸ್ಟನ್ ಆಸ್ಪತ್ರೆಗೆ ಡ್ರೈವ್ ಮಾಡಿದೆ. ಕೈಯಲ್ಲಿ ಉಂಡಿಯ ಡಬ್ಬಿಯೂ ಇತ್ತು. ಅವನು ಆಗ ನೀರನ್ನೂ ನುಂಗಲಾರ. ಪ್ರಮಾಣಪತ್ರವನ್ನು ಅವನ ಕೈಗಿಟ್ಟು, ಮತ್ತೆ ಬಾಗಿಲಿಗೆ ಹೋಗಿ ನಿಂತೆ. ನಿಯಮ ನಿಯಮವೇ ಅಲ್ಲವೇ!

ಮಾವ ಮುದ್ರೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ತಿರುವಿ ಹಿಂಬದಿ ನೋಡಿದ. ಯಾವ ಸಹಿ ಕಡಿಮೆ ಎನ್ನುತ್ತಾನೋ ಎಂದು ಕಾದೆ.

"ಎಲ್ಲಾ ಸಹಿ ಅದಾವ" ಎಂದ. "ಇನ್ನೂ ಹೊರಗ್ಯಾಕ ನಿಂತಿ? ಒಳಗ ಬಾರವ್ವ."