ಮಡಿಸೀರೆಯ ಕೌದಿ

ಡಿಸೆಂಬರ್ ಬಂತೆಂದರೆ ರಾಮಾನುಜನಿಗೆ ಎರಡು ಹುಚ್ಚು. ಒಂದು, ಮಿಕ್ಕಿರುವ ಕ್ಯಾಶುಯಲ್ ಲೀವನ್ನೆಲ್ಲ ವರ್ಷ ಮುಗಿಯುವುದರೊಳಗೆ ಹಾಕಿ ತೀರಿಸುವುದು. ಈ ಹುಚ್ಚು ಅವನ ಆಫೀಸಿನಲ್ಲಿ ಎಲ್ಲರಿಗೂ ಇತ್ತು. ಇನ್ನೊಂದು, ಆ ರಜೆಯಲ್ಲಿ ಮಂಕಿ ಕ್ಯಾಪು ಹಾಕಿಕೊಂಡು, ಪಕ್ಕದಲ್ಲಿ ಕಾಫಿ ಲೋಟ ಇಟ್ಟುಕೊಂಡು, ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುವುದು. ಇದು ಮಾತ್ರ ಅವನೊಬ್ಬನದೇ ಹುಚ್ಚು. ಆಫೀಸಿನಲ್ಲಿ ಪಕ್ಕದ ಮೇಜಿನ ಧಾರವಾಡದವರ ಮನೆಗೆ ಒಮ್ಮೆ ಊಟಕ್ಕೆ ಹೋದಾಗ ಅವರ ತಾಯಿ ಕೌದಿ ಹೊಲಿಯುತ್ತಾ ಕೂತಿದ್ದರು. ಇವನು ಊಟ ಮರೆತು ಅವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತವನು, ಏಳುವಾಗ ಸೂಜಿದಾರ ಕೇಳಿ ಇಸಕೊಂಡೇ ಎದ್ದಿದ್ದ.

ಅವತ್ತೂ ರಜೆ. ಶಂಕರಪುರಂನ ಬೀದಿಯಲ್ಲಿ ಇನ್ನೂ ಮಂಜು ಕರಗಿರಲಿಲ್ಲ. ಕೌದಿಯ ನಾಲ್ಕೂ ಮೂಲೆ ಮುಗಿದು, ನಡುವೆ ದೊಡ್ಡದೊಂದು ಚೌಕ ಮಾತ್ರ ಖಾಲಿ ಉಳಿದಿತ್ತು. ಅಲ್ಲಿಗೆ ಕೆಂಪೇ ಆಗಬೇಕೆಂದು ರಾಮಾನುಜನ ಹಟ. ಧನುರ್ಮಾಸದ ಪೂಜೆಗೆಂದು ದೇವಸ್ಥಾನಕ್ಕೆ ಹೊರಟಿದ್ದ ಹೆಂಡತಿ ರಂಗನಾಯಕಿ ಬಾಗಿಲಲ್ಲೇ ನಿಂತು ಹೇಳಿದಳು.

"ತಾರಸೀಲಿ ನನ್ನ ಹಳೇ ಕೆಂಪು ಸೀರೆ ಒಣಗ್ತಿದೆ ನೋಡ್ರೀ. ಹೇಗಿದ್ರೂ ಜೂಲಾಗಿದೆ, ಬೇಕಾದ್ರೆ ತಗೊಳ್ಳಿ. ಆದ್ರೆ ಸ್ನಾನ ಮಾಡ್ಕೊಂಡು ಹೋಗಿ. ಸುಬ್ಬಮ್ಮನೋರ ಮಡಿಸೀರೆ ಅಲ್ಲೇ ಮೂಲೇಲಿ ಇರತ್ತೆ. ಅದನ್ನ ಮುಟ್ಟಿಗಿಟ್ಟೀರಾ!"

"ಆಯ್ತು ಕಣೇ, ನಾನೇನು ಎಳೇ ಮಗೂನಾ?"

ಸುಬ್ಬಮ್ಮ ಎಂದರೆ ಮಹಡಿಯ ಮೇಲಿದ್ದ ಮನೆಯೊಡತಿ. ಅವರ ಗಂಡ ನರಹರಿರಾಯರು ಮಡಿಯ ವಿಷಯದಲ್ಲಿ ಬೆಂಕಿ. ರಾಮಾನುಜನಿಗಿಂತ ಮುಂಚೆ ಕೆಳಗಿದ್ದ ಬಾಡಿಗೆದಾರನ ಮಗು ಒಂದು ದಿನ ಆಟವಾಡುತ್ತಾ ಸುಬ್ಬಮ್ಮನವರ ಮಡಿಸೀರೆಯ ಸೆರಗು ಜಗ್ಗಿತ್ತಂತೆ. ಮುಂದಿನ ತಿಂಗಳು ಆ ಸಂಸಾರ ಪಾತ್ರೆಪಗಡಗಳ ಸಮೇತ ಲಾರಿ ಹತ್ತಿತ್ತು. ಹಿತ್ತಲಲ್ಲಿ ಬಾವಿ, ಮುಂದೆ ಬಿಸಿಲು ಬೀಳುವ ಜಗಲಿ, ನಡೆದುಹೋಗುವಷ್ಟು ಹತ್ತಿರದಲ್ಲಿ ಗಾಂಧಿಬಜಾರು, ಎಲ್ಲಕ್ಕಿಂತ ಹೆಚ್ಚಾಗಿ ಎಂದೋ ನಿಗದಿಯಾದ ಹಳೇ ಬಾಡಿಗೆ. ಇಂಥ ಮನೆ ಕೈಬಿಟ್ಟರೆ ಬೆಂಗಳೂರಲ್ಲಿ ಇನ್ನೊಂದು ಸಿಗುವ ಮಾತೇ ಇಲ್ಲವೆಂದು ರಾಮಾನುಜನಿಗೆ ಚೆನ್ನಾಗಿ ಗೊತ್ತಿತ್ತು.

ಎಲ್ಲ ಗೊತ್ತಿದ್ದೂ, ಆ ಚಳಿಯಲ್ಲಿ ಬಚ್ಚಲಿಗೆ ಹೋಗಲು ಮೈ ಬಗ್ಗಬೇಕಲ್ಲ! 'ಹೆಂಡತಿ ಸೀರೆ ತರೋದಕ್ಕೆ ಗಂಡನಿಗೆಂಥಾ ಸ್ನಾನ' ಎಂದುಕೊಂಡು ಮಂಕಿ ಕ್ಯಾಪಿನಲ್ಲೇ ಮೆಟ್ಟಿಲು ಹತ್ತಿದ. ತಂತಿಯ ಮೇಲೆ ಮೊದಲು ಕಣ್ಣಿಗೆ ಬಿದ್ದ ಕೆಂಪನ್ನು ಎಳೆದು ಹೆಗಲಿಗೆ ಹಾಕಿಕೊಂಡು ಇಳಿದ. ಹೆಂಡತಿಯ ಸೀರೆಗಳ ಗುರುತು ಹಿಡಿಯುವಷ್ಟು ಸೂಕ್ಷ್ಮ ಅವನಿಗೆ ಮದುವೆಯಾದ ಹೊಸತರಲ್ಲೂ ಇರಲಿಲ್ಲ.

ಬಟ್ಟೆಯೋ, ಎಷ್ಟು ಸಲ ಒಗೆದದ್ದೋ, ಬೆಣ್ಣೆಯಂತಿತ್ತು. ಪರ್‍ರನೆ ಹರಿದ. ಬೇಕಾದ ಚೌಕ ತೆಗೆದ ಮೇಲೂ ಸೀರೆ ಮುಗಿಯಲಿಲ್ಲ. ಒಳಪದರಕ್ಕೆ ಎಂದು ಇನ್ನಷ್ಟು ಹರಿದ. ಆಗಲೂ ಮುಗಿಯಲಿಲ್ಲ. 'ಆಹಾ, ಆಗಿನ ಅಂಗಡಿಯವರು ಎಷ್ಟು ಧಾರಾಳವಾಗಿ ಅಳೆದು ಕೊಡ್ತಿದ್ರು!' ಎಂದು ಹಿಗ್ಗುತ್ತಾ ರಾಮಾನುಜ ಹೊಲಿಯುತ್ತಲೇ ಹೋದ. ಚಳಿ, ಕಾಫಿ, ಸೂಜಿ, ರೇಡಿಯೋದಲ್ಲಿ ಸಣ್ಣಗೆ ಹಾಡು. ಜೀವನದಲ್ಲಿ ಇನ್ನೇನು ಬೇಕು ಅನ್ನಿಸಿತು.

ರಂಗನಾಯಕಿ ಪ್ರಸಾದದ ಹುಗ್ಗಿ ಹಿಡಿದು ಒಳಗೆ ಬಂದಳು. ಕೌದಿ ನೋಡಿದಳು. ಹುಗ್ಗಿಯ ದೊನ್ನೆ ಕೈಯಿಂದ ಜಾರುವುದೊಂದು ಬಾಕಿ.

"ರೀ, ಇದ್ಯಾವ ಸೀರೆ?"

"ನಿಂದೇ ಕಣೇ."

"ನಂದು ತಂತಿ ಮೇಲೆ ಹಾರಾಡ್ತಿದೆ, ಈಗ ತಾನೇ ಬೀದೀಲಿ ಬರ್ತಾ ನೋಡ್ದೆ. ಇದು ಒಂಬತ್ತು ಗಜದ್ದು ಕಣ್ರೀ! ರುದ್ರಾಕ್ಷಿ ಅಂಚು ಕಾಣಲ್ವಾ? ಸುಬ್ಬಮ್ಮನೋರ ಮಡಿಸೀರೆ! ಮೂಲೇಲಿ ಬಿಸಿಲು ಬೀಳಲ್ಲ ಅಂತ ಇವತ್ತು ಈ ಕಡೆ ಹರವಿದಾರೆ. ನರಹರಿರಾಯರ ತಾಯಿ ಉಡ್ತಿದ್ದ ಸೀರೆ. ಧನುರ್ಮಾಸ ಪೂರ್ತಿ ಅದನ್ನೇ ಉಟ್ಟು ಪೂಜೆ ಮಾಡ್ಬೇಕು ಅಂತ ರಾಯರ ಕಟ್ಟಪ್ಪಣೆ!"

ರಾಮಾನುಜ ಕಾಫಿ ಲೋಟ ಕೆಳಗಿಟ್ಟು, ಹರಿದ ಎರಡು ತುಂಡುಗಳನ್ನು ಅಂಚಿಗೆ ಅಂಚು ಜೋಡಿಸಿ ನೋಡಿದ.

"ಮತ್ತೆ ಹೊಲಿದು ಜೋಡಿಸಿಬಿಡಲಾ? ನನ್ನ ಹೊಲಿಗೆ ಗೊತ್ತೇ ಆಗಲ್ಲ."

"ಹೊಲಿಗೆ ಹಾಕಿದ ಸೀರೆ ಮಡಿಗೆ ಬರತ್ತೇನ್ರೀ? ಅದೂ ಸ್ನಾನ ಮಾಡದೆ ಮುಟ್ಟಿರೋದು! ಸ್ನಾನ ಮಾಡಿದೀರಾ?"

ರಾಮಾನುಜ ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡ. ರಂಗನಾಯಕಿ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಮೇಲಿಂದ ನರಹರಿರಾಯರ ಕೂಗು ಕೇಳಿಸಿತು. "ನಮ್ಮಮ್ಮನ ಸೀರೆ! ನಮ್ಮಮ್ಮನ ಸೀರೆ ಕಳುವಾಗಿದೆ!"

ಈ ಕೂಗಿಗಾಗಿಯೇ ಜನ್ಮವೆತ್ತಿದವರಂತೆ ಪಕ್ಕದ ಮನೆಯ ಶೀನಣ್ಣ ಹೊರಗೆ ಜಿಗಿದರು. ಶೀನಣ್ಣ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು. ಇವತ್ತಿಗೂ ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡಿದ ಹಾಗೇ ನೋಡುವುದು ಅವರ ಅಭ್ಯಾಸ. ಮೇಲೆ ಹೋಗಿ ವಿಷಯ ತಿಳಿದುಕೊಂಡು, ಇಳಿದು ಬಂದು, ನೇರ ರಾಮಾನುಜನ ಮನೆಗೇ ನುಗ್ಗಿದರು. ರಾಮಾನುಜ ಕೆಂಪು ಮೇಲಿದ್ದ ಕೌದಿಯನ್ನು ಸರಕ್ಕನೆ ಮಗುಚಿ, ಮಿಕ್ಕ ಚೂರುಗಳನ್ನು ತೊಡೆಯ ಕೆಳಗೆ ತುರುಕಿಕೊಂಡು ಅವುಗಳ ಮೇಲೆ ಗಟ್ಟಿಯಾಗಿ ಕೂತ.

"ಏಳಯ್ಯ, ವಿಚಾರಣೆ ಮಾಡ್ಬೇಕು."

"ಕಾಲು ಜೋಮು ಹಿಡಿದಿದೆ ಶೀನಣ್ಣ."

"ಬೆಳಗ್ಗೆಯಿಂದ ಇಲ್ಲೇ ಕೂತಿದೀಯ? ಯಾರಾದ್ರೂ ಮೆಟ್ಲು ಹತ್ತಿದ್ದು ನೋಡಿದ್ಯಾ?"

"ನೋಡ್ಲಿಲ್ಲ," ಎಂದ ರಾಮಾನುಜ. ತನ್ನನ್ನು ತಾನು ನೋಡಿಕೊಳ್ಳಲು ಎದುರಿಗೆ ಕನ್ನಡಿ ಇರಲಿಲ್ಲವಾದ್ದರಿಂದ ಅದೇನು ಪೂರ್ತಿ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡ.

"ಥೂ, ಏನ್ ಚಳಿ ಕಣಯ್ಯ! ಶಾಲು ತರೋದೇ ಮರೆತೆ. ಎಲ್ಲಿ, ಕೊಡು ಇದನ್ನ," ಎಂದವರೇ ಶೀನಣ್ಣ ಕೌದಿ ಎಳೆದುಕೊಂಡು ಮೈತುಂಬ ಹೊದ್ದರು. ಕೆಂಪು ಒಳಗಾಯಿತು, ಸದ್ಯ. "ಆಹಾ, ಬೆಚ್ಚಗಿದೆ. ಹೆಂಗಸರ ಕೆಲಸ ಮಾಡಿದ್ರೂ ಚೆನ್ನಾಗಿ ಮಾಡ್ತೀಯ ಬಿಡು. ಬಾ ಮೇಲೆ, ಜಾಗ ನೋಡಣ."

"ಶೀನಣ್ಣ, ಅದು ಇನ್ನೂ ಮುಗಿದಿಲ್ಲ, ಸೂಜಿ..."

"ಅಮ್ಮಾ!" ಎಂದು ಶೀನಣ್ಣ ಕುಪ್ಪಳಿಸಿದರು. ಸೂಜಿ ಚುಚ್ಚಿತ್ತು. ಆದರೂ ಕೌದಿ ಬಿಡಲಿಲ್ಲ. ಕದ್ದ ಮಾಲನ್ನು ಹೊದ್ದುಕೊಂಡೇ ಪತ್ತೇದಾರರು ಮೆಟ್ಟಿಲು ಹತ್ತತೊಡಗಿದರು. ರಾಮಾನುಜನಿಗೆ ಬೇರೆ ದಾರಿಯಿರಲಿಲ್ಲ. ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೌದಿಯ ತುದಿ ಸರಿಪಡಿಸುತ್ತಾ, ಮದುಮಗಳ ಸೆರಗು ಹಿಡಿದವನ ಹಾಗೆ ಹಿಂದೆಯೇ ನಡೆದ.

ಮೇಲೆ ನರಹರಿರಾಯರು ಮೆತ್ತೆ ಕಳಚಿದ ಕುರ್ಚಿಯ ಮೇಲೆ ಕುಸಿದು ಕೂತಿದ್ದರು. "ನಮ್ಮಮ್ಮ ಇದ್ದಾಗಿನಿಂದ ಈ ಮನೇಲಿ ಪೂಜೆಗೆ ಅದೇ ಸೀರೆ. ಯಾವನು ಆ ಪಾಪಿ? ಸಿಕ್ಕಿದ್ರೆ ಇವತ್ತೇ ಬೀದಿಗೆ ತಳ್ತೀನಿ!" ಸುಬ್ಬಮ್ಮ ಕಂಬಕ್ಕೊರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ ನಿಂತಿದ್ದರು. ಅಳುತ್ತಿದ್ದಾರೆ ಪಾಪ, ಎನ್ನಿಸಿತು ರಾಮಾನುಜನಿಗೆ. ಎಲ್ಲ ಒಪ್ಪಿಕೊಂಡು ಕಾಲಿಗೆ ಬಿದ್ದುಬಿಡಲೇ ಎಂದು ಒಂದು ಹೆಜ್ಜೆ ಮುಂದಿಟ್ಟ. ಬಾವಿ, ಜಗಲಿ, ಗಾಂಧಿಬಜಾರು ಕಣ್ಣ ಮುಂದೆ ಬಂದವು. ಒಂದು ಹೆಜ್ಜೆ ಹಿಂದಿಟ್ಟ.

"ಕಳ್ಳ ಈ ಕಡೆಯಿಂದ ಬಂದಿದಾನೆ," ಎಂದು ಶೀನಣ್ಣ ಬಲಗೈ ಬೀಸಿ ತೋರಿಸಿದರು. ರಾಯರು ಆ ಕಡೆ ನೋಡುತ್ತಿರುವಾಗ ಕೌದಿ ಒಂದು ಕಡೆ ತೆರೆದುಕೊಂಡಿತು. ಒಳಗಿನ ಕೆಂಪು ಚೌಕ, ಅದರ ರುದ್ರಾಕ್ಷಿ ಅಂಚು, ಸುಬ್ಬಮ್ಮನವರ ಕಣ್ಣಿಗೆ ನೇರ ಹೊಡೆಯಿತು. ಅವರು ಅಂಚು ನೋಡಿದರು. ಆಮೇಲೆ ರಾಮಾನುಜನನ್ನು ನೋಡಿದರು. ರಾಮಾನುಜನಿಗೆ ಮನೆ ಮುಂದೆ ಲಾರಿ ಬಂದು ನಿಂತ ಸದ್ದೇ ಕೇಳಿಸಿದಂತಾಯಿತು.

"ನಂಗನ್ಸತ್ತೆ," ಎಂದರು ಸುಬ್ಬಮ್ಮ ನಿಧಾನವಾಗಿ, "ಇದು ಕೋತಿ ಕೆಲಸ."

ರಾಮಾನುಜನ ಕೈ ತಾನಾಗಿ ಮೇಲೆ ಹೋಗಿ ತಲೆಯ ಮೇಲಿನ ಮಂಕಿ ಕ್ಯಾಪನ್ನು ತೆಗೆಯಿತು.

"ಕೋತಿನೂ ಇಲ್ಲ, ಮುಸುಡೀನೂ ಇಲ್ಲ!" ಎಂದರು ಶೀನಣ್ಣ. "ಇದು ಮನುಷ್ಯರ ಕೆಲಸ. ಕಳ್ಳ ಮತ್ತೆ ಬಂದೇ ಬರ್ತಾನೆ. ನನ್ನ ಸರ್ವೀಸಲ್ಲಿ ನೋಡಿದೀನಿ, ಒಂದ್ಸಲ ಟಿಕೆಟ್ ಇಲ್ದೆ ಬಂದೋನು ಮತ್ತೆ ಹತ್ತದೇ ಇರಲ್ಲ. ತಾರಸಿಗೊಂದು ಕಾವಲು ಬೇಕು. ಈ ರಾಮಾನುಜ ರಜೆ ಹಾಕಿ ಸುಮ್ನೆ ಕೂತಿರ್ತಾನೆ. ಸೂಜಿದಾರ ತಗೊಂಡು ಇಲ್ಲೇ ಬಿಸಿಲಲ್ಲಿ ಕೂತ್ಕೊಳ್ಳಲಿ."

ರಾಯರಿಗೆ ಹಿಡಿಸಿತು. ಎದ್ದು ಬಂದು ರಾಮಾನುಜನ ಭುಜ ಹಿಡಿದರು. "ನಿಮ್ಮ ಮೇಲೆ ನಂಬಿಕೆ ಇಟ್ಟಿದೀನಿ ರಾಮಾನುಜಯ್ಯ. ಆದ್ರೆ ನಿಮ್ಮ ಕಾವಲಲ್ಲಿ ಇನ್ನೊಂದು ಬಟ್ಟೆ ಹೋಯ್ತೋ, ನೀವೇ ಮನೆ ಖಾಲಿ ಮಾಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ."

"ಖಂಡಿತ ಇಲ್ಲ ರಾಯರೇ," ಎಂದ ರಾಮಾನುಜ. ಇನ್ನು ತಾನು ಕದಿಯದಿದ್ದರೆ ಸಾಕಲ್ಲ, ಬೇರೆ ಯಾರು ಕದಿಯುತ್ತಾರೆ ಎಂದು ಅವನಿಗೆ ಧೈರ್ಯ ಬಂತು. ಶೀನಣ್ಣನ ಮೈಮೇಲಿನಿಂದ ಕೌದಿಯನ್ನು ಉಪಾಯವಾಗಿ ಬಿಡಿಸಿಕೊಂಡು ಮನೆಗೆ ಬಂದು ಬಾಗಿಲು ಹಾಕಿದ.

ಸಂಜೆಯವರೆಗೂ ಗಂಡಹೆಂಡತಿ ಇಬ್ಬರಿಗೂ ಅನ್ನ ಸೇರಲಿಲ್ಲ. ಸುಬ್ಬಮ್ಮ ನೋಡಿಬಿಟ್ಟಿದ್ದಾರೆ. ಗಂಡನಿಗೆ ಯಾವ ಹೊತ್ತಿನಲ್ಲಿ ಹೇಳುತ್ತಾರೋ! ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಸುಬ್ಬಮ್ಮನೇ ನಿಂತಿದ್ದರು.

ರಾಮಾನುಜ ಅಲ್ಲೇ ಸಾಷ್ಟಾಂಗ ಬಿದ್ದ. "ಅಮ್ಮಾ, ನನ್ನಿಂದ ದೊಡ್ಡ ತಪ್ಪಾಗಿಹೋಯ್ತು!"

"ಏಳೀಪ್ಪಾ ಏಳಿ," ಎಂದು ಸುಬ್ಬಮ್ಮ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಬಂದರು. ನೋಡಿದರೆ ಅವರು ನಗುತ್ತಿದ್ದರು. ಬೆಳಗ್ಗೆ ಬಾಯಿಗೆ ಸೆರಗು ಅಡ್ಡ ಹಿಡಿದದ್ದೂ ಅದಕ್ಕೇ ಎಂದು ಆಗ ತಿಳಿಯಿತು. "ನಿಮ್ಮ ಹೊಟ್ಟೆ ತಣ್ಣಗಿರಲಿ. ಮದುವೆಯಾಗಿ ಬಂದಾಗಿನಿಂದ ಈ ಚಳೀಲಿ, ತಣ್ಣೀರು ಮೈಮೇಲೆ ಹಾಕ್ಕೊಂಡು, ಆ ಜಾಳುಜಾಳು ಬಟ್ಟೆ ಸುತ್ಕೊಂಡು ನಡುಗ್ತಾ ಪೂಜೆ ಮಾಡಿದೀನಿ. ಹೊಸದು ತರ್ಸಿ ಅಂದ್ರೆ, ನಮ್ಮಮ್ಮನ ಸೀರೆ, ನಮ್ಮಮ್ಮನ ಸೀರೆ! ಯಾರಾದ್ರೂ ಅದನ್ನ ಹೊತ್ಕೊಂಡು ಹೋಗಬಾರ್ದಾ ಅಂತ ದೇವ್ರನ್ನ ಬೇಡಿದ್ದೆ. ನೀವು ಬಂದ್ರಿ."

ರಾಮಾನುಜನ ಎದೆಯ ಮೇಲಿಂದ ಬೀಸುಕಲ್ಲು ಇಳಿಸಿದ ಹಾಗಾಯಿತು. ಕಣ್ಣಲ್ಲಿ ನೀರೇ ಬಂತು. ಮನೆ ಉಳಿಯಿತು, ಮಾನ ಉಳಿಯಿತು, ಕೌದಿಯೂ ಉಳಿಯಿತು! ರಂಗನಾಯಕಿ ಒಳಗೆ ಓಡಿ ಕಾಫಿಗೆ ನೀರಿಟ್ಟಳು. ಸುಬ್ಬಮ್ಮ ಕೌದಿಯ ಮೇಲೇ ಕೂತು, ಹೊಲಿಗೆ ಸವರಿ ನೋಡಿ, "ಎಷ್ಟು ಸಣ್ಣ ಹೊಲಿಗೆ! ನಮ್ಮತ್ತೆ ಸೀರೆಗೆ ಇಷ್ಟು ಒಳ್ಳೇ ಗತಿ ಬರತ್ತೆ ಅಂತ ಯಾರು ಅನ್ಕೊಂಡಿದ್ರು!" ಎಂದರು. ಮೂವರೂ ಮನಸಾರೆ ನಕ್ಕರು. ಇಡೀ ದಿನದಲ್ಲಿ ಆಗ ಮೊದಲ ಬಾರಿಗೆ ರಾಮಾನುಜನಿಗೆ ಹಸಿವಾಯಿತು.

ಕಾಫಿ ಕುಡಿದು ಸುಬ್ಬಮ್ಮ ಎದ್ದರು. ಬಾಗಿಲ ಬಳಿ ನಿಂತು ದನಿ ತಗ್ಗಿಸಿದರು.

"ಒಂದು ವಿಷ್ಯ. ಮಧ್ಯಾಹ್ನ ಇವರು ಅಟ್ಟ ಹತ್ತಿ ಅವರಮ್ಮನ ಟ್ರಂಕು ಇಳಿಸಿದ್ರು. ಅದರ ತುಂಬಾ ಅಂಥವೇ ಸೀರೆಗಳಂತೆ! ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ. ಕೆಂಪು ಹೋದ್ರೇನು, ಇನ್ಮೇಲೆ ಹಸಿರು ಉಟ್ಕೋ ಅಂತ ತೆಗೆದುಕೊಟ್ಟಿದಾರೆ. ಅದಂತೂ ಇನ್ನೂ ಜಾಳು."

ರಾಮಾನುಜನ ನಗು ಅರ್ಧಕ್ಕೇ ನಿಂತಿತು.

"ನಾಳೆ ಬೆಳಗ್ಗೆ ತಂತಿ ಮೇಲೆ, ನೀವು ಕಾವಲು ಕೂರ್ತೀರಲ್ಲ, ಅಲ್ಲಿ ನಿಮ್ಮ ಮುಂದೇನೇ ಹರವಿರ್ತೀನಿ," ಎಂದರು ಸುಬ್ಬಮ್ಮ ಅಕ್ಕರೆಯಿಂದ. "ಇವತ್ತಿನ ಹಾಗೇನೇ, ಸ್ನಾನಗೀನ ಏನೂ ಬೇಡ, ಬಂದು ತಗೊಂಡ್ಹೋಗ್ಬಿಡಿ. ನಿಮ್ಮನ್ನ ಬಿಟ್ರೆ ನಂಗೆ ಇನ್ಯಾರಿದಾರೆ ಹೇಳಿ?"